ಅಳತೆಗೆ ಬಂದ ಅಲೆ

1769ನೆಯ ಇಸವಿಯ ಮೇ ತಿಂಗಳಲ್ಲಿ, ಶಾಂತಸಾಗರದ ನಡುವಣ ಟಹೀಟಿ ದ್ವೀಪದ ಕೊಲ್ಲಿಯೊಂದರಲ್ಲಿ, ಕ್ಯಾಪ್ಟನ್ ಜೇಮ್ಸ್ ಕುಕ್ಕನ ಹಡಗು ಲಂಗರು ಹಾಕಿ ನಿಂತಿತ್ತು. ಅಷ್ಟು ದೂರದ ದ್ವೀಪಕ್ಕೆ ಆಂಗ್ಲರು ಬಂದುದು ಮುಖ್ಯವಾಗಿ ಒಂದು ಅಳತೆಗಾಗಿ: ಜೂನ್ 3ರಂದು ಶುಕ್ರಗ್ರಹವು ಸೂರ್ಯಬಿಂಬವನ್ನು ಅಡ್ಡಹಾಯ್ದು ಹೋಗುವ ಅಪೂರ್ವ ಘಟನೆಯನ್ನು ಗಳಿಗೆ ತಪ್ಪದಂತೆ ಗುರುತಿಸಿಕೊಂಡು, ಅದರಿಂದ ಭೂಮಿಗೂ ಸೂರ್ಯನಿಗೂ ನಡುವಿನ ದೂರವನ್ನು ಗಣಿಸಬೇಕೆಂಬುದು ವಿದ್ವಾಂಸರ ಅಪೇಕ್ಷೆಯಾಗಿತ್ತು. ಅದಕ್ಕೆ ಇನ್ನೂ ಐದು ದಿನಗಳಿರುವಾಗ, ಮೇ 29ರಂದು, ಹಡಗಿನಲ್ಲಿದ್ದ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸನು ಕರಾವಳಿಯ ಇನ್ನೊಂದೆಡೆಯಲ್ಲಿ ಬೇರೊಂದು ದೃಶ್ಯವನ್ನು ಕಂಡು ತನ್ನ ದಿನಚರಿಯಲ್ಲಿ ಬರೆದಿಟ್ಟನು. ಐರೋಪ್ಯರ ದೋಣಿ ಯಾವುದೂ ದಡ ಸೇರಲಾರದಷ್ಟು ಉಗ್ರವಾಗಿ ತೆರೆಗಳು ಒಡೆಯುತ್ತಿದ್ದ ಎಡೆಯಲ್ಲಿ ಅಲ್ಲಿನ ಜನ ನಿರ್ಭಯವಾಗಿ ಈಜಾಡುತ್ತಿದ್ದರು. ಹಳೆಯ ಪಾತಿದೋಣಿಯೊಂದರ ಹಿಂತುಂಡನ್ನು ಮುಂದೆ ತಳ್ಳಿಕೊಂಡು ಹೊರತೆರೆಯವರೆಗೆ ಹೋಗಿ, ಅದರ ಮೇಲೇರಿ, ಒಡೆಯಲಿರುವ ಅಲೆಗೆ ಅದನ್ನು ಒಡ್ಡಿ, ನಂಬಲಾಗದ ವೇಗದಿಂದ ದಡದತ್ತ ಧಾವಿಸಿ ಬರುತ್ತಿದ್ದರು. ಇಂದು ನಾವು ಸರ್ಫಿಂಗ್ ಎನ್ನುವ ಕ್ರೀಡೆಯನ್ನು ಕುರಿತು ಐರೋಪ್ಯನೊಬ್ಬನು ಬರೆದ ಮೊದಮೊದಲ ವರ್ಣನೆಗಳಲ್ಲಿ ಇದೊಂದು. ಗ್ರಹದ ಗತಿಯನ್ನು ಅಳೆಯಬಂದವರಿಗೆ ಈ ವಿನೋದವನ್ನೂ ಅಳೆಯಬಹುದೆಂದು ತೋರಲಿಲ್ಲ. ಅಲ್ಲಿಂದ 255 ವರ್ಷಗಳ ತರುವಾಯ, ಅದೇ ದ್ವೀಪದ ಮತ್ತೊಂದು ಅಂಚಿನಲ್ಲಿ, ಒಲಿಂಪಿಕ್ ಸ್ವರ್ಣಪದಕವು 0.17 ಅಂಕದ ಅಂತರದಲ್ಲಿ ಒಬ್ಬರ ಕೈತಪ್ಪಿ ಇನ್ನೊಬ್ಬರಿಗೆ ಸಂದಿತು. ಅಳತೆಯ ಹಂಗಿಲ್ಲದ ಆಟವೊಂದು ಅಳತೆಗೆ ಒಳಪಟ್ಟ ಬಗೆಯೇ ಈ ಕ್ರೀಡೆಯ ಅಂತರರಾಷ್ಟ್ರೀಯ ಚರಿತ್ರೆ ಎಂದು ನನಗೆ ತೋರುತ್ತದೆ.

ಈ ವಿದ್ಯೆ ತನ್ನ ಪೂರ್ಣವಿಕಾಸವನ್ನು ಪಡೆದುದು ಟಹೀಟಿಯಿಂದ ಉತ್ತರಕ್ಕೆ ಬಹುದೂರದಲ್ಲಿರುವ ಹವಾಯಿ ದ್ವೀಪಸ್ತೋಮದಲ್ಲಿ. ಅಲ್ಲಿನವರು ಇದನ್ನು ‘ಹೇಎ ನಲು’ ಎನ್ನುತ್ತಿದ್ದರು. ಅಲೆಯ ಮೇಲೆ ಜಾರುವುದು ಎಂದು ಅದರ ಅರ್ಥ. ಅರಸನೂ ಆಡುತ್ತಿದ್ದ, ಬೆಸ್ತನೂ ಆಡುತ್ತಿದ್ದ. ಗಂಡಸರಂತೆಯೇ ಹೆಂಗಸರೂ ಮಕ್ಕಳೂ ಆಡುತ್ತಿದ್ದರು. ಹಲಗೆಯಲ್ಲಿ ಮಾತ್ರ ಅಂತಸ್ತಿನ ಭೇದವುಂಟು. ‘ಅಲಾಯಾ’ ಎಂಬ ತೆಳುವಾದ ಹಲಗೆ ಎಲ್ಲರದು. ‘ಓಲೋ’ ಎಂಬುದು 5 ಮೀಟರಿನಷ್ಟು ಉದ್ದವಿದ್ದು ಅರಸು ಮನೆತನದವರಿಗೆ ಮೀಸಲು; ಅದನ್ನು ಮಾಡುತ್ತಿದ್ದುದು ವಿಲಿವಿಲಿ ಎಂಬ ಹಗುರವಾದ ಮರದಿಂದ. ನಮ್ಮ ಕಾಫಿ ತೋಟಗಳಲ್ಲಿ ನೆರಳಿಗಾಗಿಯೂ ಮೆಣಸಿನ ಬಳ್ಳಿಯ ಆಸರೆಗಾಗಿಯೂ ನೆಡುವ ಹಾಲುವಾಣದ ಬಳಗಕ್ಕೆ ಸೇರಿದ ಮರವದು. ಕೋನಾ ತೀರದ ಕಹಲೂಉ ಎಂಬಲ್ಲಿ ಅಲೆಯಾಟಕ್ಕೇ ಸಂಬಂಧಿಸಿದ ದೇವಸ್ಥಾನವೊಂದರ ಕಲ್ಲಿನ ಜಗಲಿ ಇಂದಿಗೂ ಕಡಲಿಗೆ ಎದುರಾಗಿ ನಿಂತಿದೆ. ಫಲಸಮೃದ್ಧಿಯ ದೇವತೆಯಾದ ಲೋನೋವಿನ ಹೆಸರಿನಲ್ಲಿ ನಡೆಯುತ್ತಿದ್ದ ಮಕಾಹಿಕಿ ಉತ್ಸವದ ತಿಂಗಳುಗಳಲ್ಲಿ ಯುದ್ಧಕ್ಕೆ ನಿಷೇಧವಿದ್ದು, ಆಟೋಟಗಳೇ ಜನರ ಕೆಲಸವಾಗಿ, ಹಲಗೆಯ ಸವಾರರ ಮೇಲೆ ಪಣಕಟ್ಟುವ ಗೀಳು ಎಲ್ಲೆಡೆ ಹಬ್ಬಿರುತ್ತಿತ್ತು. ಸ್ಪರ್ಧೆಯೆಂಬುದು ಪಾಶ್ಚಾತ್ಯರು ಈ ಆಟಕ್ಕೆ ಹೊರಗಿನಿಂದ ತಂದು ಅಂಟಿಸಿದ ವಸ್ತುವೆಂದು ಕೆಲವರು ಭಾವಿಸುವುದುಂಟು, ಅದು ಸರಿಯಲ್ಲ. ಹೊರಗಿನಿಂದ ಬಂದುದು ಅಂಕಿ, ನಿಯಮಾವಳಿ, ಗಡಿಯಾರ ಇಷ್ಟೇ.

ಆದರೆ ಅವು ಬರುವ ಮುನ್ನ ಆಟವೇ ಅಳಿದುಹೋಗುವ ಕಾಲವೊಂದು ಒದಗಿತು. ಹೊರಗಿನವರೊಂದಿಗೆ ಬಂದ ರೋಗಗಳಿಗೆ ದೇಹದಲ್ಲಿ ಪ್ರತಿರೋಧವಿಲ್ಲದ ಹವಾಯಿಯ ಜನ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಗುಂಪುಗುಂಪಾಗಿ ಮಡಿದರು. 1820ರಲ್ಲಿ ಬಂದಿಳಿದ ಕ್ರೈಸ್ತ ಮತಪ್ರಚಾರಕರಿಗೆ ಅರೆಬತ್ತಲೆಯ ಈ ಆಟವೂ ಅದರೊಡನಿದ್ದ ಜೂಜೂ ಹಿಡಿಸಲಿಲ್ಲ. 1893ರಲ್ಲಿ ರಾಣಿಯ ಆಳ್ವಿಕೆಯನ್ನು ಕೆಡವಲಾಯಿತು, 1898ರಲ್ಲಿ ದ್ವೀಪಗಳು ಅಮೆರಿಕದ ವಶವಾದುವು. ಆಡುವ ಜನವೇ ಕರಗಿದ ಮೇಲೆ ಆಟ ಉಳಿಯುವುದೆಂತು? ಆದರೂ ಅದು ಪೂರ್ತಿಯಾಗಿ ಆರಲಿಲ್ಲ. ಕ್ಯಾಲಿಫೋರ್ನಿಯದಲ್ಲಿ ಓದುತ್ತಿದ್ದ ಹವಾಯಿಯ ಮೂವರು ರಾಜಕುಮಾರರು 1885ರಲ್ಲಿ ಸಾಂತಾ ಕ್ರೂಸಿನ ನದೀಮುಖದಲ್ಲಿ, ಅಲ್ಲಿನ ರೆಡ್‌ವುಡ್ ಮರದಿಂದಲೇ ಹಲಗೆ ಮಾಡಿಸಿಕೊಂಡು ಅಲೆಯೇರಿದರು. ಅಮೆರಿಕದ ಮುಖ್ಯಭೂಮಿಯಲ್ಲಿ ನಡೆದುದಾಗಿ ತಿಳಿದಿರುವ ಮೊದಲ ಸರ್ಫಿಂಗ್ ಅದೇ.

ಅದನ್ನು ಭೂಮಂಡಲಕ್ಕೆ ಪರಿಚಯಿಸಿದ ಪುಣ್ಯ ಒಬ್ಬ ವ್ಯಕ್ತಿಗೆ ಸಲ್ಲಬೇಕಾದರೆ ಅದು ಡ್ಯೂಕ್ ಕಹನಮೋಕು ಅವರಿಗೆ. 1890ರಲ್ಲಿ ಹುಟ್ಟಿದ ಈ ಹವಾಯಿಯನ್ ವೈಕೀಕಿಯ ತೀರದಲ್ಲಿ ಬೆಳೆದವರು. ತಮ್ಮ ಜನ ಮತ್ತೆ ಅಲೆಯೇರಲೆಂದು 1911ರಲ್ಲಿ ‘ಹುಯಿ ನಲು’ ಎಂಬ ಸಂಘವನ್ನು ಕಟ್ಟಿದವರಲ್ಲಿ ಒಬ್ಬರು. ಅದೇ ವರ್ಷ ಹೊನೊಲುಲು ಬಂದರಿನಲ್ಲಿ ನಡೆದ ಈಜಿನ ಸ್ಪರ್ಧೆಯಲ್ಲಿ ಅವರು 100 ಗಜದ ವಿಶ್ವದಾಖಲೆಯನ್ನು 4.6 ಸೆಕೆಂಡುಗಳಷ್ಟು ಮುರಿದರು. ಮುಖ್ಯಭೂಮಿಯ ಅಧಿಕಾರಿಗಳು ಅದನ್ನು ನಂಬಲಿಲ್ಲ. ಗಡಿಯಾರ ತಪ್ಪಿರಬೇಕೆಂದು ಬಗೆದು ದಾಖಲೆಯನ್ನು ಒಪ್ಪದೆ ಬಿಟ್ಟರು. ಮರುವರ್ಷ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ 100 ಮೀಟರ್ ಈಜಿನ ಸ್ವರ್ಣಪದಕವನ್ನು ಗೆದ್ದು ಡ್ಯೂಕ್ ಆ ಅಧಿಕಾರಿಗಳಿಗೆ ಉತ್ತರ ಕೊಟ್ಟರು. ಈಜುಗಾರನೆಂಬ ಖ್ಯಾತಿಯ ಬಲದಿಂದ ದೇಶದೇಶಗಳಿಗೆ ಆಹ್ವಾನ ಬಂದಂತೆಲ್ಲ, ಅವರು ಈಜಿನ ಜೊತೆಗೆ ಹಲಗೆಯಾಟವನ್ನೂ ಕೊಂಡೊಯ್ದರು. 1914ರ ಕೊನೆಯಲ್ಲಿ ಆಸ್ಟ್ರೇಲಿಯಕ್ಕೆ ಹೋದಾಗ ಹಲಗೆಯಿರಲಿಲ್ಲ. ಪೈನ್ ಮರದ ದಿಮ್ಮಿಯೊಂದನ್ನು ತರಿಸಿಕೊಂಡು ತಾವೇ ಕೆತ್ತಿ ಸಿದ್ಧಪಡಿಸಿ, ಸಿಡ್ನಿಯ ಫ್ರೆಶ್‌ವಾಟರ್ ತೀರದಲ್ಲಿ ನೆರೆದ ಜನರ ಮುಂದೆ ಅಲೆಯೇರಿ ನಿಂತರು. ಹದಿನೈದರ ಹರೆಯದ ಇಸಬೆಲ್ ಲೆಥಮ್ ಎಂಬ ಹುಡುಗಿಯನ್ನು ತಮ್ಮ ಹಲಗೆಯ ಮೇಲೆ ನಿಲ್ಲಿಸಿಕೊಂಡು ಬಂದ ಸಂಗತಿಯನ್ನು ಆ ದೇಶ ಇಂದೂ ನೆನೆಯುತ್ತದೆ. ಆ ಹಲಗೆಯನ್ನು ಫ್ರೆಶ್‌ವಾಟರಿನಲ್ಲೇ ಕಾಪಾಡಿಕೊಂಡು ಬಂದಿದ್ದಾರೆ. 1925ರಲ್ಲಿ ಕ್ಯಾಲಿಫೋರ್ನಿಯದ ನ್ಯೂಪೋರ್ಟ್ ಬಳಿ ದೋಣಿಯೊಂದು ಮಗುಚಿದಾಗ, ಅವರು ಅದೇ ಬಗೆಯ ಹಲಗೆಯ ಮೇಲೆ ಮತ್ತೆ ಮತ್ತೆ ಹೋಗಿ ಬಂದು 8 ಜನರ ಪ್ರಾಣವನ್ನು ಉಳಿಸಿದರು. ಸರ್ಫಿಂಗ್ ಒಲಿಂಪಿಕ್ಸನ್ನು ಸೇರಬೇಕೆಂಬುದು ಡ್ಯೂಕರ ಆಸೆಯಾಗಿತ್ತೆಂದು ಆ ಕ್ರೀಡೆಯವರು ಹೇಳುತ್ತಾರೆ. 1968ರಲ್ಲಿ ಅವರು ತೀರಿಕೊಂಡಾಗ ಆ ಆಸೆ ಕೈಗೂಡಲು ಇನ್ನೂ ಅರ್ಧ ಶತಮಾನವಿತ್ತು.

ಆಟ ಲಕ್ಷಾಂತರ ಜನರದಾಗಲು ಹಲಗೆ ಹಗುರವಾಗಬೇಕಾಗಿತ್ತು. ಒಬ್ಬಾಳು ಹೊರಲು ಏದುಸಿರು ಬಿಡಬೇಕಾದ ಮರದ ಹಲಗೆ ಮೊದಲು ಟೊಳ್ಳಾಯಿತು. 1935ರಲ್ಲಿ ಟಾಮ್ ಬ್ಲೇಕ್ ಅದರ ಅಡಿಗೆ ರೆಕ್ಕೆಯನ್ನು ಜೋಡಿಸಿದ ಮೇಲೆ ಸವಾರನು ಅಲೆಯ ಮೈಮೇಲೆ ಇಷ್ಟಬಂದಂತೆ ತಿರುಗಬಲ್ಲವನಾದನು. 1950ರ ದಶಕದ ಕೊನೆಯ ವೇಳೆಗೆ ಮರದ ಬದಲು ನೊರೆಯಂತಹ ಪ್ಲಾಸ್ಟಿಕ್ ತಿರುಳು ಬಂದಿತು. ಮೈ ಬೆಚ್ಚಗಿಡುವ ರಬ್ಬರಿನ ಉಡುಪು ಶೀತದೇಶಗಳ ಕಡಲನ್ನೂ ತೆರೆಯಿತು.

ಈಗ ಸ್ಪರ್ಧೆಗಳ ಮಾತು. ಓಆಹು ದ್ವೀಪದ ಮಕಾಹಾದಲ್ಲಿ 1954ರಿಂದ ವರ್ಷಂಪ್ರತಿ ನಡೆದ ಪಂದ್ಯಾವಳಿಯನ್ನು ಬಹುಕಾಲ ಜನ ಅನಧಿಕೃತ ವಿಶ್ವಸ್ಪರ್ಧೆಯೆಂದೇ ಎಣಿಸುತ್ತಿದ್ದರು. ವಿಶ್ವ ಚಾಂಪಿಯನ್‌ಷಿಪ್ ಎಂಬ ಹೆಸರನ್ನೇ ಹೊತ್ತ ಮೊದಲ ಕೂಟ ನಡೆದುದು 1964ರಲ್ಲಿ, ಡ್ಯೂಕರ ಫ್ರೆಶ್‌ವಾಟರಿನ ನೆರೆಯಲ್ಲೇ ಇರುವ ಮ್ಯಾನ್ಲಿಯಲ್ಲಿ. ಗೆದ್ದವರಿಬ್ಬರೂ, ಮಿಡ್ಜೆಟ್ ಫ್ಯಾರೆಲಿ ಮತ್ತು ಫಿಲಿಸ್ ಓಡಾನೆಲ್, ಆಸ್ಟ್ರೇಲಿಯದವರೇ. ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದುದೂ ಅದೇ ವರ್ಷ. 1965ರಲ್ಲಿ ಕೂಟ ಪೆರುವಿಗೆ ಹೋಯಿತು, ಪೆರುವಿನ ಫೆಲಿಪೆ ಪೋಮಾರ್ ಗೆದ್ದರು. ಜೊಂಡಿನ ಕಟ್ಟಿನಿಂದ ಮಾಡಿದ ಕಿರುದೋಣಿಗಳ ಮೇಲೆ ಅಲೆಯೇರಿ ದಡಕ್ಕೆ ಮರಳುವ ಮೀನುಗಾರರು ಆ ದೇಶದ ತೀರದಲ್ಲಿ ಬಹು ಪ್ರಾಚೀನಕಾಲದಿಂದ ಇದ್ದಾರೆಂಬುದನ್ನು ಇಲ್ಲಿ ಸ್ಮರಿಸಬೇಕು. 1976ರಲ್ಲಿ ವೃತ್ತಿಪರರ ಜಾಗತಿಕ ಸರಣಿ ಆರಂಭವಾಯಿತು. ಅದರ ಮೊದಲ ಚಾಂಪಿಯನ್ ಪೀಟರ್ ಟೌನೆಂಡ್ ಆ ವರ್ಷ ಒಂದು ಪಂದ್ಯಾವಳಿಯನ್ನೂ ಗೆದ್ದಿರಲಿಲ್ಲ. ಬೇರೆ ಬೇರೆ ತೀರಗಳ ಪಂದ್ಯಗಳ ಫಲಿತಾಂಶವನ್ನು ಒಟ್ಟುಗೂಡಿಸಿ ಲೆಕ್ಕಹಾಕಿದಾಗ ಅವರು ಮೊದಲಿಗರಾಗಿ ನಿಂತರು. ಆ ಸರಣಿಯೇ ಹೆಸರು ಬದಲಿಸಿಕೊಳ್ಳುತ್ತ 2015ರಿಂದ ವರ್ಲ್ಡ್ ಸರ್ಫ್ ಲೀಗ್ ಎನಿಸಿಕೊಂಡಿದೆ. ಫ್ಲಾರಿಡದ ಕೆಲ್ಲಿ ಸ್ಲೇಟರ್ ಅದರಲ್ಲಿ 11 ಬಾರಿ ವಿಶ್ವವಿಜೇತರಾದರು; ಮೊದಲ ಸಲ 20ರ ವಯಸ್ಸಿನಲ್ಲಿ, ಕೊನೆಯ ಸಲ 39ರಲ್ಲಿ.

ಓಟದಲ್ಲಿ ಮೊದಲು ತಲಪಿದವನು ಗೆದ್ದಂತೆ, ಹಲಗೆಯಾಟದಲ್ಲಿ ಗೆಲವೆಂದರೇನು? ಒಂದಲೆಯಂತೆ ಇನ್ನೊಂದಲೆ ಇರುವುದಿಲ್ಲ. ನನಗೆ ಸಿಕ್ಕಿದ ಅಲೆ ನಿನಗೆ ಸಿಕ್ಕದು. ಹೀಗಿರಲು ಇಬ್ಬರನ್ನು ತೂಗಿ ನೋಡುವುದಕ್ಕೆ ಬೆಳೆದುಬಂದ ಪದ್ಧತಿ ಇದು. ಇಬ್ಬರು ಅಥವಾ ಹೆಚ್ಚು ಮಂದಿ ಅರ್ಧ ಗಂಟೆಯ ಆಸುಪಾಸಿನ ಅವಧಿಗೆ ಕಡಲಿಗಿಳಿಯುತ್ತಾರೆ. ಅಲೆಯು ಒಡೆಯತೊಡಗುವ ತುದಿಗೆ ಅತಿ ಸಮೀಪದಲ್ಲಿರುವವನಿಗೆ, ಅಥವಾ ಸರದಿಯ ಹಕ್ಕು ಯಾರದೋ ಅವನಿಗೆ, ಅಲೆ ಸಲ್ಲುತ್ತದೆ. ಅಡ್ಡ ಬಂದವನಿಗೆ ದಂಡ. ಏರಿದ ಪ್ರತಿಯೊಂದು ಅಲೆಗೂ ಐವರು ತೀರ್ಪುಗಾರರು ಹತ್ತಕ್ಕೆ ಇಷ್ಟೆಂದು ಅಂಕ ಕೊಡುತ್ತಾರೆ. ಅತಿ ಹೆಚ್ಚಿನದನ್ನೂ ಅತಿ ಕಡಮೆಯದನ್ನೂ ಬಿಟ್ಟು, ಉಳಿದ ಮೂರರ ಸರಾಸರಿಯನ್ನು ತೆಗೆಯುತ್ತಾರೆ. ಅಂಕಗಳು 8, 8.5, 8.7, 9, 9.5 ಎಂದಿದ್ದರೆ ಆ ಅಲೆಯ ಬೆಲೆ 8.73. ಕೊನೆಗೆ ಒಬ್ಬೊಬ್ಬರ ಎರಡು ಉತ್ತಮ ಅಲೆಗಳನ್ನು ಕೂಡಿಸಿ, ಇಪ್ಪತ್ತಕ್ಕೆ ಎಷ್ಟೆಂದು ನೋಡುತ್ತಾರೆ. ತೀರ್ಪುಗಾರರ ಕಣ್ಣು ಅರಸುವ ಗುಣಗಳು ಇವು: ಸಾಹಸದ ಕಾಠಿನ್ಯ, ತಿರುವುಗಳಲ್ಲಿನ ಹೊಸತನ ಮತ್ತು ವೈವಿಧ್ಯ, ಅವನ್ನು ಒಂದಕ್ಕೊಂದು ಹೆಣೆಯುವ ಜಾಣ್ಮೆ, ವೇಗ, ಬಲ, ಓಘ. ಈ ಕೊನೆಯ ಗುಣವನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. ಗವಾಯಿಯ ತಾನದಲ್ಲಿ ಸ್ವರಗಳನ್ನು ಎಣಿಸಿ ಮುಗಿಸಿದ ಮೇಲೂ ಕೈಗೆ ಸಿಕ್ಕದೆ ಉಳಿಯುವ ಲಯವೊಂದುಂಟಷ್ಟೆ. ಅಂಥದಕ್ಕೂ ಅಂಕವಿಡಬೇಕೆಂದು ಹೊರಟುದು ಸಣ್ಣ ಧೈರ್ಯವಲ್ಲ.

ಅಂಕಿ ಒಲಿಸಿಕೊಳ್ಳಲಾರದ ವಸ್ತು ಒಂದಿದೆ. ಅದು ಅಲೆಯ ಆಗಮನ. ದೂರದ ಸಮುದ್ರದಲ್ಲಿ ಬಿರುಗಾಳಿ ಬೀಸಿ, ಗಾಳಿಯ ಬಲ ನೀರಿಗಿಳಿದು, ಚದರಿದ ತೆರೆಗಳು ದಾರಿ ಸಾಗಿದಂತೆ ಸಾಲುಗೂಡಿ, ದಿನಗಟ್ಟಲೆ ಪಯಣಿಸಿ, ತೀರ ಹತ್ತಿರವಾದಾಗ ಅಡಿಯ ನೆಲಕ್ಕೆ ತಾಗಿ ನಿಧಾನಿಸಿ, ಹಿಂದಿನ ನೀರು ಮುಂದಿನದರ ಮೇಲೇರಿ ನೆಟ್ಟಗೆ ನಿಂತು, ಕೊನೆಗೆ ಮುಗ್ಗರಿಸಿ ಒಡೆಯುತ್ತವೆ. ವಾಲ್ಟರ್ ಮಂಕ್ ಎಂಬ ಸಾಗರವಿಜ್ಞಾನಿ 1963ರಲ್ಲಿ ನ್ಯೂಜಿಲೆಂಡಿನಿಂದ ಅಲಾಸ್ಕದವರೆಗೆ ಅಳತೆಯ ಠಾಣೆಗಳನ್ನು ಹೂಡಿ, ದಕ್ಷಿಣಧ್ರುವದ ಕಡೆಯ ಬಿರುಗಾಳಿಯೆಬ್ಬಿಸಿದ ಅಲೆಗಳು 10,000 ಕಿಲೋಮೀಟರಿಗೂ ಮಿಕ್ಕಿ ಪಯಣಿಸಿ ಉತ್ತರದ ತೀರವನ್ನು ಮುಟ್ಟುವುದನ್ನು ತೋರಿಸಿಕೊಟ್ಟರು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯವನ್ನು ದಡಕ್ಕಿಳಿಸಲು ಅವರೂ ಅವರ ಗುರುಗಳೂ ರೂಪಿಸಿದ ಅಲೆಯ ಮುನ್ಸೂಚನೆಯ ಶಾಸ್ತ್ರವೇ ಇಂದು ಪಂದ್ಯದ ವ್ಯವಸ್ಥಾಪಕರಿಗೂ ಆಧಾರ. ಆದರೂ ನಿಗದಿಯ ದಿನ ನಿಗದಿಯ ಗಳಿಗೆಗೆ ಅಲೆ ಬಾರದು. ಆದಕಾರಣ ಪಂದ್ಯಕ್ಕೆ ದಿನಾಂಕವಿಲ್ಲ, ಕಾಯುವ ಅವಧಿಯಿದೆ; ಹತ್ತು ಹನ್ನೆರಡು ದಿನಗಳನ್ನು ತೆರವಿಟ್ಟು, ಅವುಗಳಲ್ಲಿ ಕಡಲು ಒಪ್ಪಿದ ಮೂರು ನಾಲ್ಕು ದಿನ ಆಡುತ್ತಾರೆ.

ಅರ್ಜೆಂಟೀನದ ಫೆರ್ನಾಂಡೊ ಅಗೇರ್ರೆ 1994ರಲ್ಲಿ ಈ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಯ ಅಧ್ಯಕ್ಷರಾದಂದಿನಿಂದ ನಡೆಸಿದ ಪ್ರಯತ್ನ ಫಲಿಸಿ, 2016ರಲ್ಲಿ ರಿಯೊ ನಗರದಲ್ಲಿ ಸೇರಿದ ಒಲಿಂಪಿಕ್ ಸಮಿತಿ ಟೋಕಿಯೊ ಕ್ರೀಡಾಕೂಟಕ್ಕೆ ಸರ್ಫಿಂಗನ್ನು ಸೇರಿಸಿಕೊಂಡಿತು. ಮಹಾಮಾರಿಯಿಂದ ಒಂದು ವರ್ಷ ತಡವಾಗಿ, 2021ರ ಜುಲೈ 25ರಂದು, ಚೀಬಾ ಪ್ರಾಂತದ ತ್ಸುರಿಗಸಾಕಿ ತೀರದಲ್ಲಿ 20 ಗಂಡಸರೂ 20 ಹೆಂಗಸರೂ ಕಣಕ್ಕಿಳಿದರು. ಅಲ್ಲಿನ ಅಲೆ ಸ್ವಭಾವತಃ ಸೌಮ್ಯ. ಆದರೆ ನೇಪಾರ್ಟಕ್ ಎಂಬ ಚಂಡಮಾರುತ ಸಮೀಪಿಸುತ್ತಿದ್ದು ಕಡಲು ಉಬ್ಬಿತು, ಅಂತಿಮ ಪಂದ್ಯಗಳನ್ನು ಒಂದು ದಿನ ಮುಂಚೆಯೇ, 27ರಂದು, ನಡೆಸಿ ಮುಗಿಸಬೇಕಾಯಿತು. ಗೆದ್ದ ಬ್ರೆಜಿಲಿನ ಇಟಾಲೊ ಫೆರೇರ ಮೀನು ಮಾರುವವರ ಮಗ. ತಂದೆ ಮೀನು ತುಂಬುತ್ತಿದ್ದ ಥರ್ಮೊಕೋಲ್ ಪೆಟ್ಟಿಗೆಯ ಮುಚ್ಚಳವೇ ಅವರ ಮೊದಲ ಹಲಗೆ. ಅಂತಿಮ ಪಂದ್ಯದ ಮೊದಲ ಅಲೆಯಲ್ಲೇ ಹಲಗೆ ಮುರಿಯಿತು. ದಡಕ್ಕೆ ಓಡಿ ಇನ್ನೊಂದನ್ನು ತಂದು ಜಪಾನಿನ ಕನೋವಾ ಇಗರಾಶಿಯನ್ನು ಸೋಲಿಸಿದರು. ಹೆಂಗಸರಲ್ಲಿ ಸ್ವರ್ಣ ಹವಾಯಿಯ ಕರಿಸಾ ಮೂರ್ ಅವರದು. ವೃತ್ತಿಪರ ಸರಣಿಯಲ್ಲಿ ಹವಾಯಿಯವರು ಹವಾಯಿಯ ಧ್ವಜದಡಿ ಆಡುತ್ತಾರೆ. ಒಲಿಂಪಿಕ್ಸಿನಲ್ಲಿ ಅದಕ್ಕೆ ಎಡೆಯಿಲ್ಲ, ಏರಿದುದು ಅಮೆರಿಕದ ಧ್ವಜ. ಆ ನಾಡಿನ ಮೂಲಜನರ ರಕ್ತವನ್ನು ಹಂಚಿಕೊಂಡ ಮಗಳೊಬ್ಬಳು ಡ್ಯೂಕರ ಆಸೆಯನ್ನು ನೆರವೇರಿಸಿದ ಆ ಹೊತ್ತಿನಲ್ಲಿ ಸಂತೋಷವೂ ಸಂಕಟವೂ ಕೂಡಿಯೇ ಇದ್ದುವು ಎನ್ನದೆ ಇರಲಾರೆ.

ನಮ್ಮ ಕರಾವಳಿಗೆ ಈ ಆಟ ತಡವಾಗಿ ಬಂದಿತು. ಅಮೆರಿಕದಲ್ಲಿ ಹುಟ್ಟಿ, ವೈಷ್ಣವ ಸಂನ್ಯಾಸವನ್ನು ಸ್ವೀಕರಿಸಿ ಭಾರತದಲ್ಲಿ ನೆಲೆಸಿದ ಸ್ವಾಮಿಯೊಬ್ಬರು ಮುಲ್ಕಿಯ ಶಾಂಭವಿ ಹೊಳೆಯ ದಡದ ಆಶ್ರಮದಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ಬನ್ನು ತೆರೆದರು. ಉಡುಪಿಯ ಕಡೆ ಕೋಡಿ ಬೆಂಗ್ರೆಯಲ್ಲಿ ಇಶಿತಾ ಮಾಳವೀಯ ಮತ್ತು ಅವರ ಜೊತೆಗಾರರು 2007ರಲ್ಲಿ ಇನ್ನೊಂದನ್ನು ಕಟ್ಟಿದರು. ಸಸಿಹಿತ್ಲು, ಪಣಂಬೂರುಗಳಲ್ಲಿ ರಾಷ್ಟ್ರೀಯ ಪಂದ್ಯಗಳು ನಡೆದಿವೆ. ಮಾಮಲ್ಲಪುರದಲ್ಲಿ 2025ರಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ ರಮೇಶ್ ಬೂದಿಹಾಳ ಕಂಚಿನ ಪದಕವನ್ನು ಪಡೆದರು. ಆದರೆ ಅಳಿವೆ ಬಾಗಿಲಿನಲ್ಲಿ ದೋಣಿಯನ್ನು ತಡೆದು ನಿಲ್ಲಿಸಿ, ದೊಡ್ಡ ತೆರೆಗಳ ಸಾಲು ಕಳೆಯುವವರೆಗೆ ಕಾದಿದ್ದು, ನಡುವಣ ತೆರಪಿನಲ್ಲಿ ಹುಟ್ಟುಹಾಕಿ ದಾಟಿಹೋಗುವ ಮೊಗವೀರರಿಗೆ ಅಲೆಯನ್ನು ಓದುವ ವಿದ್ಯೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆ ತೀರದ ಹುಡುಗರು ಹಲಗೆಯ ಮೇಲೆ ಬೇಗನೆ ನಿಂತುದರಲ್ಲಿ ಆಶ್ಚರ್ಯವಿಲ್ಲ.

ಪ್ಯಾರಿಸ್ಸಿನಲ್ಲಿ ಅಲೆಯಿಲ್ಲ. 2024ರ ಒಲಿಂಪಿಕ್ಸಿಗೆ ಫ್ರಾನ್ಸ್ ಆಯ್ದುಕೊಂಡುದು ತನ್ನ ರಾಜಧಾನಿಯಿಂದ 15,000 ಕಿಲೋಮೀಟರಿಗೂ ದೂರದ, ತನ್ನ ಆಡಳಿತದಲ್ಲಿರುವ ಟಹೀಟಿಯ ಟೇಅಹುಪೋ ಎಂಬ ಹಳ್ಳಿಯನ್ನು. ರಸ್ತೆ ಅಲ್ಲಿಗೆ ಮುಗಿಯುತ್ತದೆ. ಆಳವಾದ ಕಡಲು ಅಲ್ಲಿ ಥಟ್ಟನೆ ಹವಳದ ಜಗಲಿಗೆ ಏರುವುದರಿಂದ, ತಡೆಯಿಲ್ಲದೆ ಬಂದ ಅಲೆ ಒಮ್ಮೆಗೇ ದಪ್ಪ ತುಟಿಯಾಗಿ ಮುಂದಕ್ಕೆ ಬಾಗಿ, ಒಳಗೆ ಮನುಷ್ಯ ನಿಲ್ಲಬಹುದಾದ ನೀರಿನ ಗುಹೆಯನ್ನು ರಚಿಸುತ್ತದೆ. ಕೆಳಗೆ ಕೂಡಲೇ ಚೂಪಾದ ಹವಳ. ಅಪಾಯದ ನೆಪದಿಂದ 2006ರ ಬಳಿಕ ವೃತ್ತಿಪರ ಮಹಿಳೆಯರ ಪಂದ್ಯವನ್ನು ಈ ತೀರದಿಂದ ತೆಗೆದುಹಾಕಿದ್ದರು. ಅದು ಮರಳಿದುದು 2022ರಲ್ಲಿ. ಹೆಂಗಸರಿಗೂ ಗಂಡಸರಿಗೂ ಸಮಾನ ಬಹುಮಾನವೆಂದು ಲೀಗ್ 2018ರಲ್ಲಿ ಘೋಷಿಸಿತ್ತು. ಪ್ರಾಚೀನ ಹವಾಯಿಯಲ್ಲಿ ಇದ್ದ ಸಾಮ್ಯವನ್ನು ಮತ್ತೆ ಗಳಿಸಿಕೊಳ್ಳಲು ಎಷ್ಟು ದಿನ ಬೇಕಾದುವು!

ಒಲಿಂಪಿಕ್ಸಿಗಾಗಿ ತೀರ್ಪುಗಾರರು ಕೂರಲು ಹವಳದ ಜಗಲಿಯ ಮೇಲೆ ಅಲ್ಯೂಮಿನಿಯಮ್ ಗೋಪುರವೊಂದನ್ನು ನಿಲ್ಲಿಸುವ ಯೋಜನೆ ಹೊರಟಾಗ ಊರಿನವರೂ ಬೆಸ್ತರೂ ಸರ್ಫರರೂ ಒಟ್ಟಾಗಿ ಪ್ರತಿಭಟಿಸಿದರು. 2023ರ ಡಿಸೆಂಬರಿನಲ್ಲಿ ಪರೀಕ್ಷೆಗೆಂದು ತಂದ ದೋಣಿಯೊಂದು ಹವಳವನ್ನು ಮುರಿದುಹಾಕಿತು; ಗೋಪುರವನ್ನು ಚಿಕ್ಕದು ಮಾಡಿ ಕಟ್ಟಿದರು. ಅಲೆಯನ್ನು ಅಳೆಯುವವರ ಆಸನಕ್ಕಾಗಿ ಅಲೆಯನ್ನು ಹುಟ್ಟಿಸುವ ಜಗಲಿಯೇ ಗಾಯಗೊಂಡಿತು. ಊರಿನವರ ಕೋಪ ನ್ಯಾಯವಾದುದೆಂದೇ ನನ್ನ ಎಣಿಕೆ.

2024ರ ಜುಲೈ 29ರಂದು ಅಲ್ಲಿ ಕಡಲು ಪೂರ್ಣಬಲದಿಂದ ಎದ್ದಿತು. ಬ್ರೆಜಿಲಿನ ಗೇಬ್ರಿಯೆಲ್ ಮೆಡೀನ 9.90 ಅಂಕ ತಂದುಕೊಟ್ಟ ಒಂದು ಗುಹೆಯೊಳಗಿಂದ ಪಾರಾಗಿ ಬಂದು ಮೇಲಕ್ಕೆ ನೆಗೆದಾಗ, ಬೆರಳೆತ್ತಿ ಆಕಾಶದಲ್ಲಿ ನೇರವಾಗಿ ನಿಂತಂತೆಯೂ ಹಲಗೆ ಪಕ್ಕದಲ್ಲಿ ತಾನೂ ನೇರವಾಗಿ ನಿಂತಂತೆಯೂ ಜೆರೋಮ್ ಬ್ರೂಯೆ ತೆಗೆದ ಛಾಯಾಚಿತ್ರ ಲೋಕವನ್ನೆಲ್ಲ ಸುತ್ತಿತು. ಒಂದು ವಾರದ ಮೇಲೆ ನಡೆದ ಅಂತಿಮ ಪಂದ್ಯಗಳ ಹೊತ್ತಿಗೆ ಕಡಲು ಇಳಿಮುಖವಾಗಿತ್ತು. ಹೆಂಗಸರ ಪಂದ್ಯದಲ್ಲಿ ಅಮೆರಿಕದ ಕ್ಯಾರೊಲಿನ್ ಮಾರ್ಕ್ಸ್ 10.50, ಬ್ರೆಜಿಲಿನ ತಾತಿಯಾನ ವೆಸ್ಟನ್ ವೆಬ್ 10.33; ಕೊನೆಯ ಅಲೆಯನ್ನು ಏರಿ ಬಂದ ತಾತಿಯಾನ ನೀರಿನಲ್ಲಿಯೇ ಕುಳಿತು ಅಂಕಕ್ಕಾಗಿ ಕಾದರು. ಗಂಡಸರಲ್ಲಿ, ಅದೇ ದ್ವೀಪದಲ್ಲಿ ಹುಟ್ಟಿ ಆ ಅಲೆಯ ಮೇಲೆಯೇ ಬೆಳೆದ ಕೌಲಿ ವಾಸ್ಟ್, ಆಸ್ಟ್ರೇಲಿಯದ ಜಾಕ್ ರಾಬಿನ್ಸನ್ನರ ಎದುರು, ಗಡಿಯಾರ ಹೊರಟ ಕೆಲವೇ ನಿಮಿಷಗಳಲ್ಲಿ ಎರಡು ಅಲೆಗಳನ್ನು ಆರಿಸಿಕೊಂಡು 17.67 ಅಂಕಗಳನ್ನು ಕೂಡಿಹಾಕಿದರು. ಆಮೇಲೆ ಕಡಲು ಸುಮ್ಮನಾಯಿತು. 7.83 ಅಂಕಗಳಲ್ಲಿ ನಿಂತಿದ್ದ ರಾಬಿನ್ಸನ್, ಯಾವ ಅಲೆಯನ್ನಾದರೂ ಏರಬಲ್ಲ ಸಮರ್ಥ, ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕುಳಿತು ದಿಗಂತವನ್ನೇ ನೋಡುತ್ತಿದ್ದರು. ನಿಮಿಷಗಳು ಸರಿದುವು, ಅವರಿಗೆ ಬೇಕಾದ ಅಲೆ ಬರಲಿಲ್ಲ.